ಮಲೆನಾಡಿಗೆ ಹಳೇ ಯಮಹಾ ಆರ್15: ನೋಡಿ ಕೊಳ್ಳುವುದು, ಸರಿಮಾಡಿಸುವುದು, ಮಳೆಗಾಲ ದಾಟಿಸುವುದು

ಬೆಂಗಳೂರು–ಹಾಸನ ಹೆದ್ದಾರಿ ನಾಲ್ಕು ಪಥವಾದ ಮೇಲೆ 150 ಸಿಸಿ ಬೈಕಿನಲ್ಲಿ ಆ ದಾರಿ ಹಿಡಿದವರಿಗೆ ಗೊತ್ತು, ನೂರರ ಹತ್ತಿರ ಹೋಗುತ್ತಿದ್ದರೂ ಹಿಂದಿನ ಕಾರು ಲೈಟ್ ಹೊಡೆಯುತ್ತದೆ, ಇಂಜಿನ್ ಕಿರುಚುತ್ತದೆ, ಚನ್ನರಾಯಪಟ್ಟಣ ಬರುವಷ್ಟರಲ್ಲಿ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಅದೇ ಬೈಕನ್ನು ಚಿಕ್ಕಮಗಳೂರಿಗೆ ತಂದು, ಕೈಮರ ದಾಟಿಸಿ, ಸೀತಾಳಯ್ಯನಗಿರಿ ಕಡೆಗೆ ಹತ್ತಿಸಿ ನೋಡಿ. ಅಲ್ಲಿ ನಲವತ್ತರ ಮೇಲೆ ಓಡಿಸುವ ಜಾಗವೇ ಕಡಿಮೆ. ಎರಡನೇ ಗೇರು, ಮೂರು, ಮತ್ತೆ ಎರಡು. ಇಂಜಿನ್ನಿನಲ್ಲಿ ಇರುವುದನ್ನೆಲ್ಲ ಹಿಂಡಿದರೂ ವೇಗ ಕೈಮೀರುವುದಿಲ್ಲ. ಸಣ್ಣ ಸ್ಪೋರ್ಟ್ಸ್ ಬೈಕಿನ ರುಚಿ ಇರುವುದು ಇಲ್ಲಿ. ದೊಡ್ಡ ಬೈಕಿನ ಶಕ್ತಿಯಲ್ಲಿ ಮುಕ್ಕಾಲು ಪಾಲು ಈ ತಿರುವುಗಳಲ್ಲಿ ಸುಮ್ಮನೆ ಹೊತ್ತು ತಿರುಗುವ ಭಾರ.

ಆದರೆ ಮಾರುಕಟ್ಟೆಗೆ ಈ ಲೆಕ್ಕ ಹಿಡಿಸಲಿಲ್ಲ. 2008ರಲ್ಲಿ ಯಮಹಾ ಆರ್15 ಬಂದು 150 ಸಿಸಿಗೂ ಲಿಕ್ವಿಡ್ ಕೂಲಿಂಗ್, ನಾಲ್ಕು ವಾಲ್ವ್, ಆರು ಗೇರ್ ಕೊಡಬಹುದು ಎಂದು ತೋರಿಸಿತು. 2009ರಲ್ಲಿ ಕವಾಸಕಿ ನಿಂಜಾ 250ಆರ್, 2011ರಲ್ಲಿ ಹೋಂಡಾ ಸಿಬಿಆರ್250ಆರ್, ಮರುವರ್ಷ ಸಿಬಿಆರ್150ಆರ್, 2014ರಲ್ಲಿ ಕೆಟಿಎಂ ಆರ್‌ಸಿ200, 2015ರಲ್ಲಿ ಪಲ್ಸರ್ ಆರ್‌ಎಸ್200 ಸಾಲಾಗಿ ಬಂದವು. ಆಮೇಲೆ ಬೆಲೆ ಏರಿಸುವ ನಿಯಮಗಳು ಒಂದರ ಹಿಂದೆ ಒಂದು ಬಂದವು: 2017ಕ್ಕೆ ಹೊಗೆಗೆ ಮಿತಿ ಹಾಕುವ ಬಿಎಸ್4, 2019ಕ್ಕೆ 125 ಸಿಸಿ ಮೇಲಿನ ಎಲ್ಲ ಬೈಕಿಗೂ ಎಬಿಎಸ್ (ಗಕ್ಕನೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), 2020ಕ್ಕೆ ಬಿಎಸ್6. ಸಿಬಿಆರ್ ಜೋಡಿ ಇದರ ನಡುವೆ ಕಣ್ಮರೆಯಾಯಿತು. 2019ರಲ್ಲಿ ಯಮಹಾನೇ ಆರ್15ರ ಇಂಜಿನ್ನಿಗೆ ಎತ್ತರದ ಹ್ಯಾಂಡಲ್ ಹಾಕಿ ಎಂಟಿ-15 ತಂದಾಗ, ಬೆನ್ನು ಬಾಗಿಸಲು ಮನಸ್ಸಿಲ್ಲದವರೆಲ್ಲ ಅತ್ತ ಹೋದರು. ಹಿಂದಿನ ಸೀಟು ನೋಡಿ ಮನೆಯವರು ಬೇಡ ಎಂದದ್ದೂ ಸಣ್ಣ ಕಾರಣವಲ್ಲ. ಆರ್15ರ ನಾಲ್ಕನೇ ಆವೃತ್ತಿ ಈಗಲೂ ಶೋರೂಮಿನಲ್ಲಿದೆ. ಆದರೆ ಕೈಗೆಟುಕುವ ಬೆಲೆಗೆ ಸಿಗುವುದು ಮೊದಲೆರಡು ಆವೃತ್ತಿಗಳೇ, ಅವು ಸಿಗುವುದೂ ಹೆಚ್ಚಾಗಿ ಹಾಳಾದ ಸ್ಥಿತಿಯಲ್ಲಿ. ಇಲ್ಲಿ ಹೇಳಹೊರಟಿರುವುದು ಅವುಗಳ ವಿಚಾರ.

ಯಾವ ಆವೃತ್ತಿ

2008ರಿಂದ 2011ರವರೆಗಿನದು ಮೊದಲನೆಯದು, 2011ರಿಂದ ಮುಂದಿನದು ಎರಡನೆಯದು. ಎರಡಕ್ಕೂ 149 ಸಿಸಿ ಇಂಜಿನ್, 17 ಕುದುರೆ ಶಕ್ತಿ, ಫ್ಯೂಯೆಲ್ ಇಂಜೆಕ್ಷನ್. ಮೊದಲನೆಯದರ ಟೈರ್ ಸಪೂರ: ಮುಂದೆ 80/90-17, ಹಿಂದೆ 100/80-17. ಸೀಟು ಒಂದೇ ಉದ್ದಕ್ಕಿದೆ, ಹಿಂದೆ ಕೂತವರೂ ಬೈಯದೆ ಬರಬಹುದು. ಎರಡನೆಯದಕ್ಕೆ ಅಲ್ಯೂಮಿನಿಯಂ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು), ಹಿಂದೆ 130ರ ಅಗಲ ಟೈರ್, ಎರಡು ತುಂಡಿನ ಸೀಟು. ವೀಲ್‌ಬೇಸ್, ಅಂದರೆ ಎರಡು ಚಕ್ರಗಳ ನಡುವಿನ ಅಂತರ, 1290ರಿಂದ 1345 ಮಿ.ಮೀ.ಗೆ ಹೋಯಿತು. ಬಿಗಿ ತಿರುವಿನಲ್ಲಿ ಮೊದಲನೆಯದು ಬೇಗ ಬಾಗುತ್ತದೆ, ವೇಗದ ತಿರುವಿನಲ್ಲಿ ಎರಡನೆಯದು ಗಟ್ಟಿಯಾಗಿ ನಿಲ್ಲುತ್ತದೆ. ಸಕಲೇಶಪುರ, ಮೂಡಿಗೆರೆ ಸುತ್ತಿನ ತೋಟದ ರಸ್ತೆಗಳಿಗೆ ಮೊದಲನೆಯದೇ ಸರಿ, ಆದರೆ ಅದರಲ್ಲಿ ಕಾಗದಪತ್ರದ ತಲೆನೋವು ಹೆಚ್ಚು. ಎರಡಕ್ಕೂ ಎಬಿಎಸ್ ಇಲ್ಲ, ಇದನ್ನು ತಲೆಯಲ್ಲಿಟ್ಟುಕೊಂಡೇ ಕೊಳ್ಳಬೇಕು.

ಕಾಗದಪತ್ರದ ಮಾತು ಇಲ್ಲೇ ಮುಗಿಸಿಬಿಡೋಣ. ಆರ್‌ಸಿಯ (ನೋಂದಣಿ ಪತ್ರದ) ಆಯುಷ್ಯ 15 ವರ್ಷ. ಅಲ್ಲಿಗೆ 2010ರ ಬೈಕಿನದು ಮುಗಿದಿದೆ. ನವೀಕರಣ ಆಗಿದೆಯೇ ನೋಡಿ, ಆಗಿರದಿದ್ದರೆ ಮಾರುವವರೇ ಮಾಡಿಸಿಕೊಡಲಿ. 2022ರ ಏಪ್ರಿಲ್‌ನಿಂದ ಬೈಕಿನ ಮರುನೋಂದಣಿ ಶುಲ್ಕ 300 ರೂಪಾಯಿಯಿಂದ 1,000ಕ್ಕೆ ಏರಿದೆ, ಹಸಿರು ತೆರಿಗೆ ಬೇರೆ. ಕೆಎ-13 ಹಾಸನ, ಕೆಎ-18 ಚಿಕ್ಕಮಗಳೂರು, ಕೆಎ-46 ಸಕಲೇಶಪುರ. ನಂಬರ್ ಇವುಗಳದ್ದಾದರೆ ಓಡಾಟ ಕಡಿಮೆ. ಹೆಸರು ಬದಲಾವಣೆಗೆ ಬೇಕಾದ ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30, ಹಳೇ ಸಾಲ ಇದ್ದರೆ ಅದು ತೀರಿದ್ದಕ್ಕೆ ಫಾರ್ಮ್ 35 ಕೈಗೆ ಬರುವವರೆಗೂ ಪೂರ್ತಿ ಹಣ ಕೊಡಬೇಡಿ. ಚಾಸಿ ನಂಬರನ್ನು ಆರ್‌ಸಿಯ ಜೊತೆ ಬೆರಳಿಟ್ಟು ಓದಿ. 149 ಸಿಸಿಯಿಂದ ಒಂದು ಲಾಭವಿದೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 150 ಸಿಸಿವರೆಗಿನ ಬೈಕಿಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 714 ರೂಪಾಯಿ, ಅದರ ಮೇಲೆ 350ರವರೆಗೆ 1,366. ಮೂರನೇ ಆವೃತ್ತಿಯಿಂದ ಇಂಜಿನ್ 155 ಸಿಸಿ ಆದದ್ದರಿಂದ ಅದು ಮೇಲಿನ ದರಕ್ಕೆ ಬೀಳುತ್ತದೆ.

ನೋಡಲು ಹೋಗುವ ದಿನ

ಬೆಳಿಗ್ಗೆ ಹೋಗಿ, ಬರುವ ಮೊದಲು ಬೈಕ್ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಟ್ಟಿರಿ. ಹೋದ ಕೂಡಲೇ ಇಂಜಿನ್ ಮೇಲೆ ಕೈಯಿಡಿ. ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ತಣ್ಣಗಿನ ಇಂಜಿನ್ ಬಚ್ಚಿಡದ ವಿಷಯಗಳನ್ನು ಬಿಸಿ ಇಂಜಿನ್ ಬಚ್ಚಿಡುತ್ತದೆ.

ಮೊದಲು ರೇಡಿಯೇಟರ್ ಕ್ಯಾಪ್ ಬಿಚ್ಚಿ. ತಣ್ಣಗಿದ್ದಾಗ ಮಾತ್ರ, ಬಿಸಿಯಲ್ಲಿ ಬಿಚ್ಚಿದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಒಳಗೆ ಹಸಿರು ಅಥವಾ ನೀಲಿ ಬಣ್ಣದ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಕತ್ತಿನವರೆಗೆ ಕಾಣಬೇಕು. ಕಾಫಿ ಡಿಕಾಕ್ಷನ್ನಿನ ಬಣ್ಣ ಕಂಡರೆ ಯಾರೋ ಬೋರ್‌ವೆಲ್ ನೀರು ಹಾಕುತ್ತ ಬಂದಿದ್ದಾರೆ. ಆಮೇಲೆ ಆಯಿಲ್ ಕ್ಯಾಪ್. ಅದರ ಒಳಬದಿಯಲ್ಲಿ ಹಾಲು ಬೆರೆಸಿದಂಥ ಕೆನೆ ಕೂತಿದ್ದರೆ ಎರಡು ಸಾಧ್ಯತೆ. ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಮಾತ್ರ ಓಡಿಸಿದ ಬೈಕಿನಲ್ಲಿ ತೇವದಿಂದ ಸ್ವಲ್ಪ ಕೆನೆ ಕಟ್ಟುತ್ತದೆ, ಅದು ದೊಡ್ಡ ವಿಷಯವಲ್ಲ. ಆಯಿಲೇ ಪೂರ್ತಿ ಬಿಳಿಚಿಕೊಂಡಿದ್ದರೆ ವಾಟರ್ ಪಂಪಿನ ಸೀಲ್ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿಗೆ ಬೆರಳಿಟ್ಟು ನೋಡಿ. ಅಲ್ಲಿ ಒಣಗಿದ ಹಸಿರು ಕಲೆಯಿದ್ದರೆ ಸೀಲ್ ಸೋರಲು ಶುರುವಾಗಿದೆ ಎಂದರ್ಥ.

ಕೂಲಿಂಗ್ ಬಗ್ಗೆ ಇಷ್ಟು ಹಠ ಯಾಕೆಂದರೆ, ಈ ಇಂಜಿನ್ನಿನ ಸಿಲಿಂಡರ್ ಒಳಗೆ ಕಬ್ಬಿಣದ ಸ್ಲೀವ್ (ಕೊಳವೆ) ಇಲ್ಲ. ಸಿಲಿಂಡರ್ ಪೂರ್ತಿ ಡಯಾಸಿಲ್ ಎಂಬ, ಸಿಲಿಕಾನ್ ಹೆಚ್ಚಿರುವ ಅಲ್ಯೂಮಿನಿಯಂ ಎರಕ. ಒಮ್ಮೆ ಬಿಸಿಯೇರಿ ಪಿಸ್ಟನ್ ಹಿಡಿದು ಗೀರು ಬಿದ್ದರೆ, ಆರ್‌ಎಕ್ಸ್100ಗೆ ಮಾಡಿದ ಹಾಗೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವ ದಾರಿ ಇಲ್ಲಿಲ್ಲ. ಬ್ಲಾಕ್ ಹೊಸದೇ ಆಗಬೇಕು. ‘ಬೋರ್ ಮಾಡ್ಸಿದೀನಿ, ಹೊಸ ಇಂಜಿನ್ ಥರಾನೇ ಇದೆ’ ಎಂದು ಮಾರುವವರು ಹೇಳಿದರೆ ಚಹಾ ಕುಡಿದು ಎದ್ದು ಬನ್ನಿ.

ಈಗ ಸ್ಟಾರ್ಟ್ ಮಾಡಿ. ಎಕ್ಸಿಲರೇಟರ್ ಮುಟ್ಟದೆ ಹತ್ತಬೇಕು. ಬಿಸಿಯಾದ ಮೇಲೆ ಸ್ಲೋ 1,300ರಿಂದ 1,500 ಆರ್‌ಪಿಎಂನಲ್ಲಿ ನಿಲ್ಲಬೇಕು. ಇಂಜಿನ್ ಲೈಟ್ ಮಿಣುಕುತ್ತಿದ್ದರೆ ಎಣಿಸಿ: ಉದ್ದ ಮಿಣುಕು ಹತ್ತರ ಸ್ಥಾನ, ಗಿಡ್ಡ ಮಿಣುಕು ಬಿಡಿ ಸ್ಥಾನ. ನಾಲ್ಕು ಉದ್ದ, ಆರು ಗಿಡ್ಡ ಬಂದರೆ 46, ಅಂದರೆ ಚಾರ್ಜಿಂಗ್ ವೋಲ್ಟೇಜ್ ಸರಿಯಿಲ್ಲ. ಮೀಟರ್ ಇದ್ದರೆ ಬ್ಯಾಟರಿಗೆ ಹಿಡಿಯಿರಿ. ನಿಂತಾಗ 12.4ಕ್ಕಿಂತ ಮೇಲೆ, ರೇಸ್ ಕೊಟ್ಟಾಗ 13.5ರಿಂದ 14.5 ವೋಲ್ಟ್ ತೋರಿಸಬೇಕು. ಬೈಕನ್ನು ಹಾಗೇ ನಿಲ್ಲಿಸಿ ಫ್ಯಾನ್ ತಿರುಗುವವರೆಗೂ ಕಾಯಿರಿ. ಕಾಲು ಗಂಟೆ ಹಿಡಿಯಬಹುದು, ಮಾರುವವರು ಗೊಣಗುತ್ತಾರೆ, ಗೊಣಗಲಿ. ಫ್ಯಾನ್ ತಾನಾಗಿ ತಿರುಗಿ ತಾನಾಗಿ ನಿಂತದ್ದನ್ನು ಕಣ್ಣಾರೆ ಕಾಣದೆ ಈ ಬೈಕ್ ಕೊಳ್ಳಬಾರದು.

ಬಿದ್ದ ಗುರುತುಗಳನ್ನು ಫೇರಿಂಗಿನಲ್ಲಿ (ಮೈ ಮುಚ್ಚುವ ಪ್ಲಾಸ್ಟಿಕ್ ಹೊದಿಕೆಯಲ್ಲಿ) ಹುಡುಕುವುದು ದಡ್ಡತನ, ಅದು ಹೊಸದಾಗಿ ಸಿಗುತ್ತದೆ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಫ್ರೇಮಿನ ಸ್ಟಾಪರ್ ಚಪ್ಪಟೆಯಾಗಿದೆಯೇ ನೋಡಿ. ಅದು ಜಜ್ಜಿದ್ದರೆ ಬೈಕ್ ಜೋರಾಗಿಯೇ ಬಿದ್ದಿದೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ನಿಧಾನ ಆಡಿಸಿ. ನಡುವೆ ಒಂದು ಕಡೆ ಕಚ್ಚಿದಂತಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಫೋರ್ಕ್ ಪೈಪಿಗೆ ಉಗುರು ಎಳೆಯಿರಿ, ಎಡವಿದ ಕಡೆ ತುಕ್ಕಿನ ಗುಳಿಯಿದೆ. ಅದು ಹೊಸ ಆಯಿಲ್ ಸೀಲನ್ನೂ ಬೇಗ ಕಿತ್ತುಹಾಕುತ್ತದೆ.

ಓಡಿಸಲು ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಏನೂ ಗೊತ್ತಾಗದು. ಏರು ಬೇಕು. ಮೂರನೇ ಗೇರಿನಲ್ಲಿ ಏರಿನ ಮೇಲೆ ಎಕ್ಸಿಲರೇಟರ್ ಪೂರ್ತಿ ತಿರುಗಿಸಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಬೈಕ್ ಮುಗ್ಗರಿಸಿದರೆ ಫ್ಯೂಯೆಲ್ ಪಂಪ್ ಅಥವಾ ಇಂಜೆಕ್ಟರ್ ಮೇಲೆ ಅನುಮಾನ ಇಡಿ. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದಾಗ ಲಿವರ್ ಮಿಡಿದರೆ ಡಿಸ್ಕ್ ಬಾಗಿದೆ. ಎತ್ತರಕ್ಕೆ ಹೋದಂತೆ ಶಕ್ತಿ ಇಳಿಯುವುದನ್ನು ಮಾತ್ರ ದೋಷ ಎಂದುಕೊಳ್ಳಬೇಡಿ. ಸಾವಿರ ಮೀಟರಿಗೆ ಸುಮಾರು ಶೇ. 10ರಷ್ಟು ಗಾಳಿ ತೆಳುವಾಗುತ್ತದೆ. ಮುಳ್ಳಯ್ಯನಗಿರಿಯ ತಪ್ಪಲು ಏರುವ ಹೊತ್ತಿಗೆ 17 ಕುದುರೆಯಲ್ಲಿ ಹದಿನಾಲ್ಕೋ ಹದಿನೈದೋ ಉಳಿದಿರುತ್ತವೆ.

ಕೊಂಡ ಮೇಲೆ ಮೊದಲ ವಾರ

ಬೈಕಿನ ಬೆಲೆಯ ಮೂರನೇ ಒಂದು ಭಾಗದಷ್ಟು ಹಣವನ್ನು ರಿಪೇರಿಗೆಂದೇ ಎತ್ತಿಡಿ. ಸೈಲೆನ್ಸರ್, ಸ್ಟಿಕ್ಕರ್, ಎಲ್‌ಇಡಿಗೆ ಅದರಲ್ಲಿ ಒಂದು ರೂಪಾಯಿಯೂ ಹೋಗಕೂಡದು.

ಮೊದಲು ಕೂಲೆಂಟ್. 1 ಲೀಟರಿನ ರೆಡಿಮಿಕ್ಸ್ ಡಬ್ಬಿ ಸಾಕು. ಕಾನ್ಸಂಟ್ರೇಟ್ ತಂದರೆ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ. ಫೇರಿಂಗ್ ಬಿಚ್ಚುವಾಗ ಒಂದು ರಟ್ಟಿನ ಮೇಲೆ ಬೈಕಿನ ಬದಿಯ ಚಿತ್ರ ಗೀಚಿ, ಬಿಚ್ಚಿದ ಬೋಲ್ಟನ್ನು ಅದರ ಜಾಗದಲ್ಲೇ ಚುಚ್ಚುತ್ತ ಹೋಗಿ. ಉದ್ದ ಬೋಲ್ಟ್ ಗಿಡ್ಡ ಜಾಗಕ್ಕೆ ಹೋದರೆ ಒಳಗಿನ ಪ್ಲಾಸ್ಟಿಕ್ ಸೀಳುತ್ತದೆ. ಗುಂಡಿಯಲ್ಲಿ ಇಳಿದಾಗಲೆಲ್ಲ ಕೇಳುವ ಗಡಗಡ ಸದ್ದಿನ ಮೂಲ ಬಹುಪಾಲು ಇದೇ. ವಾಟರ್ ಪಂಪಿನ ಡ್ರೈನ್ ಬೋಲ್ಟ್ ಬಿಚ್ಚಿ, ಕ್ಯಾಪ್ ತೆಗೆದು, ಹಳೆಯದನ್ನು ಬಸಿಯಿರಿ. ರಿಸರ್ವ್ ಡಬ್ಬಿಯನ್ನೂ ಖಾಲಿ ಮಾಡಿ ತೊಳೆಯಿರಿ, ಇದನ್ನು ಮರೆಯುವವರೇ ಹೆಚ್ಚು. ಡಿಸ್ಟಿಲ್ಡ್ ವಾಟರ್ ತುಂಬಿ ಐದು ನಿಮಿಷ ಓಡಿಸಿ, ತಣ್ಣಗಾದ ಮೇಲೆ ಬಸಿಯಿರಿ. ನೀರು ತಿಳಿಯಾಗಿ ಬರುವವರೆಗೂ ಹೀಗೆಯೇ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಮುಚ್ಚಿ. ಹೊಸ ಕೂಲೆಂಟನ್ನು ಸಣ್ಣ ಧಾರೆಯಾಗಿ ಸುರಿಯಿರಿ, ಕತ್ತಿಗೆ ಬಂದಾಗ ಕ್ಯಾಪ್ ತೆಗೆದಿಟ್ಟೇ ಸ್ಟಾರ್ಟ್ ಮಾಡಿ, ಮೂರು ನಾಲ್ಕು ಸಲ ಮೆಲ್ಲಗೆ ರೇಸ್ ಕೊಡಿ. ಗುಳ್ಳೆ ಎದ್ದು ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಒಳಗೆ ಗಾಳಿ ಉಳಿದರೆ ಕೂಲೆಂಟ್ ಇದ್ದೂ ಇಂಜಿನ್ ಕುದಿಯುತ್ತದೆ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಮಟ್ಟ ನೋಡಿ.

ರೇಡಿಯೇಟರ್ ಕ್ಯಾಪನ್ನು ಹಳತಾಗಿದ್ದರೆ ಕೇಳದೆ ಬದಲಿಸಿ. ಅದು ಬರೀ ಮುಚ್ಚಳವಲ್ಲ, ಒಳಗಿನ ಸ್ಪ್ರಿಂಗ್ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು ಮೇಲಕ್ಕೆತ್ತುತ್ತದೆ. 1,900 ಮೀಟರ್ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 94 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಸ್ಪ್ರಿಂಗ್ ಸತ್ತ ಕ್ಯಾಪ್, ಒಳಗೆ ಬೋರ್‌ವೆಲ್ ನೀರು, ಮೇಲೆ ಬೆಟ್ಟದ ಏರಿನಲ್ಲಿ ಪ್ರವಾಸಿ ಕಾರುಗಳ ಸಾಲಿನ ಹಿಂದೆ ಒಂದನೇ ಗೇರಿನಲ್ಲಿ ತೆವಳುವುದು: ಊರಲ್ಲಿ ಚೆನ್ನಾಗಿದ್ದ ಬೈಕ್ ಬೆಟ್ಟದ ಮೇಲೆ ಹೊಗೆ ಕಾರುವುದು ಈ ಮೂರೂ ಕೂಡಿದಾಗಲೇ.

ಆಯಿಲ್ ವಿಷಯ ಚಿಕ್ಕದು. 10ಡಬ್ಲ್ಯೂ-40, ಡಬ್ಬಿಯ ಮೇಲೆ ಜಾಸೋ ಎಂಎ (JASO MA, ಬೈಕ್ ಆಯಿಲಿನ ಗುರುತು) ಎಂದಿರಲಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ, ಏಕೆಂದರೆ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿದೆ. ಸುಮಾರು 1 ಲೀಟರ್ ಹಿಡಿಯುತ್ತದೆ. ಡಬ್ಬಿ ಪೂರ್ತಿ ಬಗ್ಗಿಸದೆ ಮಟ್ಟ ನೋಡುತ್ತ ಮುಗಿಸಿ, ಫಿಲ್ಟರನ್ನೂ ಬದಲಿಸಿ. ವಾಲ್ವ್ ಟ್ಯಾಪೆಟ್ ಸದ್ದು ಮಾಡುತ್ತಿದ್ದರೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಫೀಲರ್ ಗೇಜಿನಲ್ಲೇ (ಸಂದು ಅಳೆಯುವ ತೆಳು ಪಟ್ಟಿಗಳಲ್ಲಿ) ಹೊಂದಿಸಬೇಕು. ಕಿವಿಯ ಅಂದಾಜಿನಲ್ಲಿ ಬಿಗಿ ಮಾಡಿಸಿದರೆ ಸದ್ದು ನಿಲ್ಲುತ್ತದೆ, ಕೆಲವು ತಿಂಗಳಲ್ಲಿ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಮೇಲಿನ ಅಚ್ಚು ಎಷ್ಟೇ ಉಳಿದಿದ್ದರೂ ಆರು ವರ್ಷ ದಾಟಿದ ರಬ್ಬರ್ ಮಳೆಯಲ್ಲಿ ಕಲ್ಲಿನಂತೆ ಜಾರುತ್ತದೆ. ಮೊದಲ ಆವೃತ್ತಿಗೆ ಹಿಂದೆ 100/80, ಹೆಚ್ಚೆಂದರೆ 110/80. ದಪ್ಪ ಕಾಣಲಿ ಎಂದು 140 ಹಾಕಿಸಿದರೆ ಸಪೂರ ರಿಮ್ ಅದನ್ನು ಹಿಂಡಿ ನಡು ಉಬ್ಬಿಸುತ್ತದೆ, ಬೈಕ್ ಬಾಗಲು ಹಟ ಮಾಡುತ್ತದೆ. ಈ ಬೈಕ್ ಕೊಂಡ ಕಾರಣವೇ ಅಲ್ಲಿಗೆ ಹೋಯಿತು. ಗಾಳಿ ಮುಂದೆ 28, ಹಿಂದೆ 33 ಪಿಎಸ್‌ಐ ಸುಮಾರಿಗೆ, ಅದೂ ಟೈರ್ ತಣ್ಣಗಿದ್ದಾಗ.

ಚೈನು ಮತ್ತು ಮಳೆ

ಮಲೆನಾಡಿನ ಮಳೆಯಲ್ಲಿ ಮೊದಲು ಸಾಯುವುದು ಚೈನು. ಕೆಂಪು ಮಣ್ಣಿನ ನೀರು ಗ್ರೀಸ್ ಜೊತೆ ಸೇರಿ ಉಪ್ಪುಕಾಗದದಂತೆ ತೇಯುತ್ತದೆ. ಬೇಸಿಗೆಯಲ್ಲಿ 500 ಕಿ.ಮೀ.ಗೊಮ್ಮೆ ಮಾಡುವ ಕೆಲಸವನ್ನು ಜೂನ್‌ನಿಂದ 200ಕ್ಕೆ ತನ್ನಿ. ಡೀಸೆಲ್ ಅದ್ದಿದ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, 90ರ ಗೇರ್ ಆಯಿಲನ್ನು ಚೈನಿನ ಒಳಮಗ್ಗುಲಿಗೆ ಹನಿಹನಿಯಾಗಿ ಬಿಡಿ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಇಂಜಿನ್ ಸ್ಟಾರ್ಟ್ ಮಾಡಿ ಗೇರಿನಲ್ಲಿಟ್ಟು ಒರೆಸುವ ಅಭ್ಯಾಸಕ್ಕೆ ಬೆರಳು ಕಳೆದುಕೊಂಡವರಿದ್ದಾರೆ. ಹತ್ತು ನಿಮಿಷ ಬಿಟ್ಟು ಹೆಚ್ಚಾದ ಆಯಿಲ್ ಒರೆಸಿ, ಇಲ್ಲದಿದ್ದರೆ ಅದು ಹಿಂದಿನ ಟೈರಿಗೆ ಹಾರುತ್ತದೆ. ಸುಟ್ಟ ಇಂಜಿನ್ ಆಯಿಲ್ ಸವರುವುದು ಬೇಡ, ಅದರಲ್ಲಿ ಲೋಹದ ಪುಡಿಯಿರುತ್ತದೆ.

ಸಡಿಲ ನೋಡುವಾಗ ಒಂದೇ ಜಾಗದಲ್ಲಿ ಅಳೆದು ಮುಗಿಸಬೇಡಿ. ಚಕ್ರ ತಿರುಗಿಸುತ್ತ ಅತಿ ಬಿಗಿಯಾದ ಜಾಗ ಹುಡುಕಿ, ಅಲ್ಲಿ ಕೆಳಗಿನ ಚೈನು ಮೇಲೆ ಕೆಳಗೆ ಒಟ್ಟು 25ರಿಂದ 35 ಮಿ.ಮೀ. ಆಡಬೇಕು. ಸ್ವಿಂಗ್‌ಆರ್ಮಿನ ಎರಡೂ ಬದಿಯ ಗೆರೆಗಳು ಒಂದೇ ಎಣಿಕೆಗೆ ಬರಲಿ, ಇಲ್ಲದಿದ್ದರೆ ಚಕ್ರ ಓರೆಯಾಗಿ ಓಡುತ್ತದೆ. ಹಿಂದಿನ ಸ್ಪ್ರಾಕೆಟ್ಟಿನ ಹಿಂತುದಿಯಲ್ಲಿ ಚೈನನ್ನು ಬೆರಳಲ್ಲಿ ಎಳೆದಾಗ ಅರ್ಧ ಹಲ್ಲು ಕಂಡರೆ ಮುಗಿಯಿತು. ಚೈನು ಮಾತ್ರ ಬದಲಿಸಿ ಉಳಿತಾಯ ಮಾಡಲು ಹೋದರೆ ಹಳೇ ಹಲ್ಲು ಹೊಸ ಚೈನನ್ನೂ ತಿನ್ನುತ್ತದೆ. ಕಿಟ್ ಪೂರ್ತಿ ಬದಲಿಸಿ.

ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಎನ್ನುವುದು ಎಲ್ಲ ಕಡೆಯ ಮಾತು, ಇಲ್ಲಿ ಪ್ರತಿ ದಸರಾ ಹೊತ್ತಿಗೆ ಬದಲಿಸುವುದು ಒಳ್ಳೆಯದು. ತೇವ ಹೀರಿದ ಫ್ಲೂಯಿಡ್ ಚಾರ್ಮಾಡಿಯಂಥ ಉದ್ದ ಇಳಿಜಾರಿನಲ್ಲಿ ಬಿಸಿಗೆ ಕುದಿದು ಗುಳ್ಳೆಯಾಗುತ್ತದೆ, ಲಿವರ್ ಹ್ಯಾಂಡಲಿಗೆ ಬಂದು ತಗಲುತ್ತದೆ. ಹಾಗಾಗದಿರಲು ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಇಂಜಿನ್ 5,000ದ ಮೇಲೆ ಗುಂಯ್‌ಗುಟ್ಟುತ್ತಿದ್ದರೆ ಹೆದರಬೇಕಿಲ್ಲ, ಅದು ಗರಿಷ್ಠ ಶಕ್ತಿ ಕೊಡುವುದೇ 8,500ರಲ್ಲಿ. ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ. ತೋಟದ ನೆರಳಿನ ರಸ್ತೆಯಲ್ಲಿ ಬಿಸಿಲು ಬಂದ ಮೇಲೂ ಸಿಲ್ವರ್ ಓಕ್ ಎಲೆಯ ಕೆಳಗೆ ಪಾಚಿ ಒದ್ದೆಯಾಗಿಯೇ ಇರುತ್ತದೆ. ಎಬಿಎಸ್ ಇಲ್ಲದ ಮುಂದಿನ ಬ್ರೇಕನ್ನು ಅದರ ಮೇಲೆ ಗಕ್ಕನೆ ಹಿಡಿದರೆ ಎದ್ದು ನಿಲ್ಲುವಷ್ಟರಲ್ಲಿ ಬೈಕ್ ಚರಂಡಿಯಲ್ಲಿರುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಕುರುಡು ತಿರುವಿನಾಚೆ ಆಳು ತುಂಬಿದ ಪಿಕಪ್ ಬರುತ್ತಿರುತ್ತದೆ, ಹಾರ್ನ್ ಹೊಡೆದು ಎಡಕ್ಕೆ ಅಂಟಿಕೊಳ್ಳಿ.

ಜುಲೈ, ಆಗಸ್ಟಿನಲ್ಲಿ ಓಡಿಸದೆ ಮನೆಯಲ್ಲೇ ನಿಲ್ಲಿಸುವವರು ಟ್ಯಾಂಕ್ ಕತ್ತಿನವರೆಗೆ ತುಂಬಿಸಿಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ, ಅರ್ಧ ಖಾಲಿ ಟ್ಯಾಂಕಿನ ಗಾಳಿಯಿಂದ ಅದು ನೀರು ಹೀರಿ ತಳದಲ್ಲಿ ತುಕ್ಕು ಕಟ್ಟಿಸುತ್ತದೆ, ಆ ತುಕ್ಕು ಪಂಪಿನ ಜಾಲರಿಗೆ ಬಂದು ಕೂರುತ್ತದೆ. ಈ ಹಳೇ ಬೈಕುಗಳ ರಬ್ಬರ್ ಪೈಪುಗಳು ಇಷ್ಟು ಎಥನಾಲ್‌ಗೆಂದು ಮಾಡಿದವಲ್ಲ, ಬಿರುಕು ಕಂಡರೆ ಬದಲಿಸಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಅದರ ತುದಿ ಎದ್ದು ಕಾಣುವಂತೆ ಹೊರಗೆ ಬಿಡಿ, ಇಲಿಗೆ ಅದು ಒಳ್ಳೆಯ ಮನೆ. ಹದಿನೈದು ದಿನಕ್ಕೊಮ್ಮೆ ಬಟ್ಟೆ ತೆಗೆದು, ಬೈಕನ್ನು ಅಂಗಳಕ್ಕೆ ತಂದು, ಫ್ಯಾನ್ ತಿರುಗಿ ನಿಲ್ಲುವವರೆಗೂ ಓಡಲು ಬಿಡಿ. ಎರಡು ನಿಮಿಷ ಓಡಿಸಿ ಆರಿಸಿದರೆ ಒಳಗಿನ ತೇವ ಆರದೆ ಆಯಿಲಿಗೆ ಸೇರುತ್ತದೆ, ಅದಕ್ಕಿಂತ ಸ್ಟಾರ್ಟ್ ಮಾಡದೆ ಇರುವುದೇ ಮೇಲು.